ಚಿಲಕ ಹಾಕಿದ ಕೈ

ಕಿಡಿಯ ಬಲಗೈ ಮುರಿದವನು ಅವನ ಶತ್ರುವೇನಲ್ಲ. ಎಂಟು ವರ್ಷ ಒಂದೇ ಗುಜರಿ ಅಂಗಳದಲ್ಲಿ, ಒಂದೇ ತಗಡಿನ ನೆರಳಲ್ಲಿ ಜೊತೆಗೆ ಬುತ್ತಿ ಬಿಚ್ಚಿ ಉಂಡವನು. ಅಪ್ಪ ಅಮ್ಮ ಇಟ್ಟ ಹೆಸರು ಅದೇನಿತ್ತೋ, ಎಲ್ಲರ ಬಾಯಲ್ಲಿ ಅವನು ಗೂಳಿ. ಹಳೇ ಬಸ್ಸುಗಳನ್ನು ಗ್ಯಾಸ್ ಕಟರಿನಲ್ಲಿ ತುಂಡು ಮಾಡುವುದು ಕಿಡಿಯ ಕೆಲಸ, ತುಂಡಾದದ್ದನ್ನು ಹೆಗಲಿಗೇರಿಸಿ ಲಾರಿಗೆ ಎಸೆಯುವುದು ಗೂಳಿಯ ಕೆಲಸ. ಒಮ್ಮೆ ಬಸ್ಸಿನ ಛಾವಣಿ ಕುಸಿದು ಕಿಡಿ ಅಡಿಯಲ್ಲಿ ಸಿಕ್ಕಿಕೊಂಡಾಗ ಗೂಳಿ ಬೆನ್ನು ಕೊಟ್ಟು ಅದನ್ನು ಎತ್ತಿ ಹಿಡಿದಿದ್ದ. "ಬೇಗ ಈಚೆ ಬಾರೋ ಮಾರಾಯ, ನನಗೆ ಸೀನು ಬರ್ತಾ ಇದೆ" ಅಂತ ಆಗಲೂ ತಮಾಷೆ. ಕಿಡಿ ತೆವಳಿ ಈಚೆ ಬಂದ ಮೇಲೆ ಅವನು ನಿಜವಾಗಿಯೂ ಸೀನಿದ್ದ, ಛಾವಣಿ ಧಡಾರನೆ ಬಿದ್ದಿತ್ತು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ ಅಂಗಳದ ಯಜಮಾನ ಮಾತ್ರ ನಗುವ ಜನ ಅಲ್ಲ. ಯಾರಾದರೂ ಎದುರು ಮಾತಾಡಿದರೆ ಅವನು ದನಿ ಏರಿಸುತ್ತಿರಲಿಲ್ಲ, ಆಳು ಕಳಿಸುತ್ತಿದ್ದ. ಒಂದು ಗೋದಾಮಿನ ಕಾವಲುಗಾರ ಕಳ್ಳಮಾಲು ಹೊರಗೆ ಬಿಡಲಿಲ್ಲ ಅಂತ ಅವನ ಮೊಣಕಾಲು ಒಡೆದು ಬರಲು ಕಿಡಿಯನ್ನೇ ಕಳಿಸಿದ. ಕಿಡಿ ಹೋದ, ಒಡೆದ, ಬಂದ. ಸಲಾಕೆ ಬಿದ್ದಾಗ ಕಾವಲುಗಾರ ಹಾಕಿದ ಕೂಗು ಮೂರು ದಿನ ಕಿವಿ ಬಿಡಲಿಲ್ಲ. ನಾಲ್ಕನೆಯ ದಿನ ಬಟ್ಟೆಯ ಗಂಟು ಹಿಡಿದುಕೊಂಡು ಅಕ್ಕನ ಮನೆ ಬಾಗಿಲಲ್ಲಿ ನಿಂತ.

ಅಕ್ಕ ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನದ ಮೇಡಂ. ಇವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ತಾಯಿ ಇಲ್ಲದ ಇವನನ್ನು ಕಿವಿ ಹಿಂಡಿ ಸಾಕಿದವಳು. ಯಾಕೆ ಬಂದೆ ಅಂತ ಕೇಳಲಿಲ್ಲ. "ವೆಲ್ಡಿಂಗ್ ಬರುತ್ತಲ್ಲ ನಿನಗೆ?" ಅಂದಳು. "ನನಗೊಂದು ಗುಮ್ಮಟ ಬೇಕು."

ಹನ್ನೊಂದು ವರ್ಷದಿಂದ ಅವಳು ಶಿಕ್ಷಣ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಸುತ್ತಮುತ್ತಲಿನ ಅರವತ್ತನಾಲ್ಕು ಶಾಲೆಗಳ ಆರು, ಏಳು, ಎಂಟನೇ ತರಗತಿ ಮಕ್ಕಳಿಗೆಲ್ಲ ಸೇರಿ ಒಂದು ಬಾಹ್ಯಾಕಾಶ ಕಲಿಕಾ ಕೇಂದ್ರ ಆಗಬೇಕು ಅನ್ನುವುದು ಅವಳ ಹಟ. "ನಮ್ಮ ಮಕ್ಕಳಿಗೆ ಚಂದ್ರ ಅಂದ್ರೆ ಪುಸ್ತಕದ ನಲವತ್ತನೇ ಪುಟ. ಪುಟ ಹರಿದುಹೋದರೆ ಚಂದ್ರನೂ ಇಲ್ಲ" ಅಂತ ಅಧಿಕಾರಿಗಳ ಮುಖದ ಮೇಲೇ ಹೇಳುತ್ತಿದ್ದಳು. ಕೊನೆಗೆ ಇವಳ ಕಾಟ ತಾಳಲಾರದೆ, ಲಾರಿ ನಿಲ್ದಾಣದ ಹಿಂದೆ ಒಂಬತ್ತು ವರ್ಷದಿಂದ ಮುಚ್ಚಿ ಬಿದ್ದಿದ್ದ ಐಸ್ ಫ್ಯಾಕ್ಟರಿಯನ್ನು ಬರೆದುಕೊಟ್ಟರು. ಕೊಟ್ಟವರಿಗೂ ಅದರ ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ.

ಕಿಡಿ ಒಂದೂವರೆ ವರ್ಷ ಅಲ್ಲೇ ದುಡಿದ. ಐಸ್ ಗಡ್ಡೆ ಕಟ್ಟುತ್ತಿದ್ದ ದೊಡ್ಡ ಹಾಲಿನಲ್ಲಿ ನೀರಿನ ಪೈಪುಗಳನ್ನು ಬಗ್ಗಿಸಿ ಗುಮ್ಮಟದ ಪಕ್ಕೆಲುಬು ಕೂರಿಸಿದ, ನಕ್ಷತ್ರಗಳ ಚಿತ್ರ ಬೀಳಲಿ ಅಂತ ಒಳಗೆ ಬಿಳಿ ಬಟ್ಟೆ ಬಿಗಿದ. ಹಳೇ ಬಸ್ಸೊಂದರ ಒಡಲು ತಂದು ನೌಕೆ ಮಾಡಿದ. ಅದರಲ್ಲಿ ಮಕ್ಕಳು ಬೆನ್ನ ಮೇಲೆ ಮಲಗಿ ಪಟ್ಟಿ ಬಿಗಿದುಕೊಂಡರೆ ಕೆಳಗಿನ ಸ್ಪ್ರಿಂಗುಗಳು ಗಡಗಡ ನಡುಗಿ ರಾಕೆಟ್ ಏಳುವ ಹಾಗೆ ಅನ್ನಿಸಬೇಕು. ಹಳೆಯ ಲೆಕ್ಕದ ಕೋಣೆ ಕಂಟ್ರೋಲ್ ರೂಮ್ ಆಯಿತು. ಬಸ್ಸು ಕತ್ತರಿಸುತ್ತಿದ್ದ ಕೈ ಬಸ್ಸು ಕಟ್ಟುತ್ತಿದೆ ಅಂತ ಅವನಿಗೇ ಒಮ್ಮೊಮ್ಮೆ ನಗು ಬರುತ್ತಿತ್ತು.

ಹಿಂದಿನ ಯಂತ್ರದ ಕೋಣೆಯೊಂದು ಮಾತ್ರ ಹಾಗೇ ಉಳಿದಿತ್ತು. ಅಲ್ಲಿ ಆನೆಗಾತ್ರದ ಕಂಪ್ರೆಸರ್, ಅದರ ಮೋಟಾರು, ಗೋಡೆಯುದ್ದಕ್ಕೂ ಮಲಗಿದ ಉದ್ದನೆಯ ಟ್ಯಾಂಕು. ಟ್ಯಾಂಕಿನಲ್ಲಿ ಐಸ್ ಕಟ್ಟಿಸುವ ವಿಷದ ಗ್ಯಾಸು, ಅಮೋನಿಯಾ, ಇನ್ನೂ ಇತ್ತು. ಕಿಡಿ ಬೆರಳಲ್ಲಿ ತಟ್ಟಿ, ಸದ್ದು ಕೇಳಿ ಕಂಡುಹಿಡಿದಿದ್ದ. ಮೇಲೆ ಟೊಳ್ಳು ಸದ್ದು, ಕೆಳಗೆ ಮಂಕು ಸದ್ದು. ಹಾಲಿಗೂ ಆ ಕೋಣೆಗೂ ನಡುವೆ ಒಂದು ಬಾಗಿಲು. ಗೇಣು ದಪ್ಪ, ಕಬ್ಬಿಣದ ತಗಡಿನ ನಡುವೆ ಬೆಂಡು ತುಂಬಿದ್ದು, ಹಾಲಿನ ಕಡೆಯಿಂದ ತೋಳುದ್ದದ ಚಿಲಕ. ಆ ಕಡೆ ಹಿತ್ತಲಿಗೆ ತೆರೆಯುವ ಒಂದು ಷಟರ್, ಅಷ್ಟೆ.

"ಅಗ್ನಿಶಾಮಕದವರು ಬಂದು ಅದನ್ನ ಖಾಲಿ ಮಾಡೋ ತನಕ ಮಕ್ಕಳನ್ನ ಕರೀಬೇಡ ಅಕ್ಕ" ಅಂದಿದ್ದ ಕಿಡಿ.

"ಅವರು ಬರೋದು ಮುಂದಿನ ವಾರ. ಕಚೇರಿಯಿಂದ ತಪಾಸಣೆಯವರೂ ಮುಂದಿನ ವಾರವೇ ಬರ್ತಾರೆ. ಒಂದು ಸಲವಾದರೂ ಮಕ್ಕಳನ್ನ ಕೂರಿಸಿ ನೋಡದೆ ಅವರ ಮುಂದೆ ನಿಲ್ಲಿಸೋಕಾಗುತ್ತೇನೋ? ಬಾಗಿಲು ಹಾಕಿರುತ್ತಲ್ಲ."

ಕಿಡಿ ಪೈಪುಗಳ ಕಡೆ ತಿರುಗಿದ. ಅಕ್ಕನ ಮುಂದೆ ಅವನ ಮಾತು ಎರಡನೇ ವಾಕ್ಯ ದಾಟಿದ್ದೇ ಇಲ್ಲ.

ಯಜಮಾನ ಅದಕ್ಕೆ ಮೊದಲೇ ಒಂದು ಸಲ ಬಂದು ಹೋಗಿದ್ದ. ಒಂಬತ್ತು ವರ್ಷದಿಂದ ಆ ಕಟ್ಟಡದ ಕಿಟಕಿ ಸರಳುಗಳನ್ನು ಒಂದೊಂದಾಗಿ ಕಿತ್ತು ಮಾರಿದವನು ಅವನೇ, ಅದು ತನ್ನದೇ ಸ್ವತ್ತು ಅನ್ನುವ ಭಾವನೆ ಬೆಳೆದುಬಿಟ್ಟಿತ್ತು. ನೌಕೆಯ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ತೂಗಿಬಿಟ್ಟಿದ್ದ ಕಾಗದದ ಶನಿಗ್ರಹವನ್ನು ಬೆರಳಲ್ಲಿ ಟಪ್ಪನೆ ಹೊಡೆದ. "ಚೆನ್ನಾಗಿದೆ ಮೇಡಂ. ಮೋಟಾರೂ ಕಂಪ್ರೆಸರೂ ನನ್ನದು, ತಗೊಂಡು ಹೋಗ್ತೀನಿ. ಉಳಿದದ್ದು ನೀವಿಟ್ಟುಕೊಳ್ಳಿ."

"ಒಂದು ಮೊಳೆನೂ ನಿಮ್ಮದಲ್ಲ. ಏಳಿ ಮೇಲೆ" ಅಂದಳು ಅಕ್ಕ.

ಅವನು ಎದ್ದ. ಹೋಗುತ್ತಾ ಹೇಳಿದ: "ಮಕ್ಕಳು ಮೇಲೆ ನೋಡ್ಕೊಂಡು ನಡೀತಾರೆ ಮೇಡಂ. ಕೆಳಗೆ ಬಿದ್ದಿರೋದು ಕಾಲಿಗೆ ಚುಚ್ಚುತ್ತೆ."

ಅಕ್ಕ ಅಂದೇ ಠಾಣೆಗೆ ದೂರು ಕೊಟ್ಟಳು. ಅವರು ಅದನ್ನು ತೆಗೆದುಕೊಂಡು, ಫೈಲಿಗೆ ಸೇರಿಸಿ, ಕಿವಿಯ ಮೇಲೆ ಹಾಕಿಕೊಳ್ಳದೆ ಕೂತರು.

ಪ್ರಯೋಗದ ದಿನ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಏಳನೇ ತರಗತಿಯ ಇಪ್ಪತ್ತೆರಡು ಮಕ್ಕಳು ಬಂದರು. ಹದಿನಾರು ಮಂದಿ ನೌಕೆಯೊಳಗೆ ಪಟ್ಟಿ ಬಿಗಿದುಕೊಂಡು ಮಲಗಿದರು, ಆರು ಮಂದಿ ಕಂಟ್ರೋಲ್ ರೂಮಿನಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿ ಕೂತರು. ಎಡವಟ್ಟಾಗಿ ಯಾರಾದರೂ ಹಿಂದಿನ ಕೋಣೆಗೆ ನುಗ್ಗಿಯಾರು ಅಂತ ಕಿಡಿ ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ 'ಮುಟ್ಟಬೇಡಿ' ಅಂತ ಬರೆಯಲು ಹೋದ. 'ಮುಟ್ಟ' ಅಂತ ಬರೆದಿದ್ದ. ಹಿತ್ತಲಲ್ಲಿ ಲಾರಿಯೊಂದು ಹಿಂದಕ್ಕೆ ಬಂದು ಷಟರಿಗೆ ಒತ್ತಿ ನಿಂತ ಸದ್ದಾಯಿತು. ಯಾರಿಗೂ ಕಾಣಬಾರದು ಅಂತ ಎರಡು ಗೇಣೂ ಸಂದಿಯಿರದ ಹಾಗೆ ನಿಲ್ಲಿಸಿದ್ದರು. ಬೀಗ ಒಡೆಯಿತು, ಷಟರ್ ಎದ್ದಿತು, ಲಾರಿಯ ಹಿಂಬದಿ ಹಲಗೆ ಬಿಚ್ಚಿಕೊಂಡು ಮೂವರು ಒಳಗೆ ಇಳಿದರು. ಯಜಮಾನ. ಗೂಳಿ. ಅಂಗಳದ ಇನ್ನೊಬ್ಬ ಆಳು, ಸಣಕಲು ದೇಹದ ಕಡ್ಡಿ, ಅವನ ಕೈಯಲ್ಲಿ ದೊಡ್ಡ ಸುತ್ತಿಗೆ.

"ಮಕ್ಕಳಿದಾರೆ. ಇವತ್ತು ಬೇಡ ಯಜಮಾನ್ರೆ" ಅಂದ ಕಿಡಿ.

"ಮಕ್ಕಳಿದ್ದರೆ ನೀನು ಕಿರುಚೋದಿಲ್ಲ. ಅದಕ್ಕೇ ಇವತ್ತು ಬಂದೆ."

ಕಿಡಿ ಬಣ್ಣದ ಡಬ್ಬವನ್ನು ಅವನ ಮುಖಕ್ಕೆ ಎಸೆದ. ಅದು ತಾಗಿತು, ಯಜಮಾನನ ಹಣೆ ಒಡೆದು ರಕ್ತಕ್ಕೂ ಬಣ್ಣಕ್ಕೂ ವ್ಯತ್ಯಾಸ ತಿಳಿಯದಾಯಿತು. ಅಷ್ಟರಲ್ಲಿ ಕಡ್ಡಿ ಸುತ್ತಿಗೆಯ ಹಿಡಿಯಿಂದ ಕಿಡಿಯ ಹೊಟ್ಟೆಗೆ ಗುದ್ದಿದ. ಕಿಡಿ ಮಡಿಸಿಕೊಂಡು ಬಿದ್ದ. ಬಿದ್ದವನ ಪಕ್ಕೆಗೆ ಬೂಟುಗಾಲು, ಮತ್ತೆ ಬೂಟುಗಾಲು. ಒಂದೊಂದು ಒದೆಗೂ ಒಳಗಿನ ಗಾಳಿಯೆಲ್ಲ ಹೊರಗೆ ಬಂತು. ಆದರೂ ಅವನು ಕೂಗಲಿಲ್ಲ. ಗೋಡೆಯ ಆಚೆ ಒಬ್ಬ ಹುಡುಗಿ ಎಳೆದನಿಯಲ್ಲಿ ಎಣಿಸುತ್ತಿದ್ದದ್ದು ಬಾಗಿಲ ಸಂದಿಯಿಂದ ಕೇಳುತ್ತಿತ್ತು: ನಲವತ್ತೊಂದು, ನಲವತ್ತು, ಮೂವತ್ತೊಂಬತ್ತು.

"ಬಲಗೈ" ಅಂದ ಯಜಮಾನ, ಕರವಸ್ತ್ರದಿಂದ ಹಣೆ ಒತ್ತಿಕೊಳ್ಳುತ್ತಾ. "ಗೂಳಿ, ನೀನೇ ಮಾಡು. ಸ್ನೇಹಿತ ಅಲ್ವಾ, ಅಚ್ಚುಕಟ್ಟಾಗಿ ಮಾಡ್ತೀಯ."

ಗೂಳಿ ಬಂದು ಪಕ್ಕದಲ್ಲಿ ಮಂಡಿಯೂರಿದ. ಕಿಡಿಯ ಕೈಯನ್ನು ಎಳೆದು ಕಂಪ್ರೆಸರಿನ ಕಬ್ಬಿಣದ ಅಡಿಪಾಯದ ಮೇಲೆ ಇಟ್ಟ. ನೆಲದ ಮೇಲಿದ್ದ ಬಣ್ಣ ಒರೆಸುವ ಬಟ್ಟೆಯನ್ನು ಉಂಡೆ ಮಾಡಿ ಬಾಯಿಯ ಹತ್ತಿರ ತಂದ.

"ಕಚ್ಚಿಕೋ. ತಪ್ಪು ತಿಳ್ಕೋಬೇಡ ಕಣೋ."

"ಗೂಳಿ, ನೀನು ಬೇಡ. ಕಡ್ಡಿ ಮಾಡಲಿ."

"ಅವನು ಮಾಡಿದರೆ ಮೂರು ಸಲ ಹೊಡೀತಾನೆ. ನಾನು ಒಂದೇ."

ಕಡ್ಡಿಯ ಸುತ್ತಿಗೆ ಇಸಿದುಕೊಂಡು ಒಂದೇ ಸಲ ಹೊಡೆದ. ಒಣಕಟ್ಟಿಗೆ ಮುರಿದ ಹಾಗೆ ಸದ್ದು. ಕಿಡಿಯ ಕಣ್ಣ ಮುಂದೆ ಬೆಳ್ಳಗಾಯಿತು, ಬಟ್ಟೆಯೊಳಗೆ ಹಲ್ಲು ಕಟಕಟ ಅಂದವು, ಬೆರಳುಗಳು ಯಾರದೋ ಬೆರಳುಗಳ ಹಾಗೆ ಎತ್ತಲೋ ತಿರುಗಿ ನಿಂತವು. ಗೂಳಿ ಅವನನ್ನು ಕಂಕುಳಿಗೆ ಕೈ ಹಾಕಿ ಎಳೆದು, ದಾರಿಗಡ್ಡ ಆಗದಿರಲಿ ಅಂತ ಹಾಲಿನ ಬಾಗಿಲ ಪಕ್ಕ ಒರಗಿಸಿ ಕೂರಿಸಿದ. ಒಂದು ಕ್ಷಣ ಅವನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಮೋಟಾರಿನ ಕಡೆ ಹೋದ.

ಕಂಪ್ರೆಸರಿಗೂ ಟ್ಯಾಂಕಿಗೂ ನಡುವಿನ ಪೈಪು ತುಕ್ಕು ಹಿಡಿದಿತ್ತು. ಬೋಲ್ಟು ಜಗ್ಗಲಿಲ್ಲ. ಕಡ್ಡಿ ಸುತ್ತಿಗೆ ಎತ್ತಿದ.

ಕಿಡಿ ಬಟ್ಟೆ ಉಗುಳಿದ. "ಹೊಡೀಬೇಡ! ಅದರಲ್ಲಿ ಗ್ಯಾಸ್ ಇದೆ! ಅಮೋನಿಯಾ ಇದೆ ಕಣ್ರೋ!"

"ಒಂಬತ್ತು ವರ್ಷದ ಮೇಲೆ ಗ್ಯಾಸಂತೆ" ಅಂತ ಯಜಮಾನ ನಕ್ಕ. "ಹೊಡಿ."

ಮೊದಲ ಏಟಿಗೆ ತುಕ್ಕು ಉದುರಿತು. ಎರಡನೆಯದಕ್ಕೆ ಪೈಪು ಕತ್ತಿನ ಹತ್ತಿರ ಕಿತ್ತುಬಂತು.

ಬೆಳ್ಳನೆಯ ಕಂಬವೊಂದು ಹೊರಗೆ ನುಗ್ಗಿ ನೇರವಾಗಿ ಕಡ್ಡಿಯ ಮುಖಕ್ಕೆ ಹೊಡೆಯಿತು. ಅವನು ಕಿರುಚಲು ಬಾಯಿ ತೆರೆದ, ಬಾಯೊಳಗೂ ಅದೇ ಹೋಯಿತು. ಸುತ್ತಿಗೆ ಬಿತ್ತು, ಅವನೂ ಬಿದ್ದ, ಮುಖವನ್ನು ಎರಡೂ ಕೈಯಲ್ಲಿ ಪರಚಿಕೊಳ್ಳುತ್ತಾ ನೆಲದ ಮೇಲೆ ಹೊರಳಾಡಿದ. ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ ಘಾಟು. ಯಜಮಾನ ಯಾರನ್ನೂ ತಿರುಗಿ ನೋಡಲಿಲ್ಲ. ಲಾರಿಯ ಹಲಗೆಯ ಮೇಲೆ ಏರಲು ಹೋಗಿ ಜಾರಿದ, ಕೊನೆಗೆ ಚಕ್ರಗಳ ನಡುವಿನ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳಿ ಮಾಯವಾದ. ಗೂಳಿ ಮಾತ್ರ ಕಡ್ಡಿಯ ಕಾಲು ಹಿಡಿದ. ಅವನನ್ನು ದರದರ ಎಳೆದುಕೊಂಡು ಹೋಗಿ ಅದೇ ಸಂದಿಗೆ ತುರುಕಿ ಆ ಕಡೆ ನೂಕಿದ. ತಾನೂ ನುಗ್ಗಲು ನೋಡಿದ. ಭುಜ ಹಿಡಿಸಲಿಲ್ಲ, ಕಣ್ಣು ಉರಿದು ಲಾರಿಯ ಹಲಗೆಯೂ ಕೈಗೆ ಸಿಗಲಿಲ್ಲ.

ಅಷ್ಟು ಹೊತ್ತಿಗೆ ಕಿಡಿ ಬಾಗಿಲನ್ನು ಭುಜದಿಂದ ತಳ್ಳಿ ಹಾಲಿಗೆ ಉರುಳಿಕೊಂಡಿದ್ದ. ಎದ್ದು ತಿರುಗಿದ. ಕೋಣೆ ತುಂಬ ಬಿಳಿ ಮಂಜು, ಅದು ನೆಲ ಹಿಡಿದು ಹೊಸ್ತಿಲಿನ ಕಡೆ ಹರಿದು ಬರುತ್ತಿತ್ತು. ಹಿಂದೆ ನೌಕೆಯೊಳಗೆ ಹದಿನಾರು ಮಕ್ಕಳು ಪಟ್ಟಿ ಬಿಗಿದುಕೊಂಡು ಮಲಗಿದ್ದರು. ಆ ಮಂಜಿನೊಳಗೆ ಒಂದು ದೊಡ್ಡ ಆಕಾರ ಎದ್ದು ಬಾಗಿಲ ಕಡೆ ತಿರುಗಿದ್ದನ್ನು ಅವನು ಕಂಡ. ನಾಲ್ಕು ಹೆಜ್ಜೆ. ಇಲ್ಲ, ಐದಿರಬಹುದು. ಆಮೇಲೆ ಅವನು ಇದನ್ನು ಎಷ್ಟು ಸಲ ಅಳೆದನೋ ಲೆಕ್ಕವಿಲ್ಲ, ಒಮ್ಮೆಯೂ ಐದಕ್ಕಿಂತ ಹೆಚ್ಚಾಗಲಿಲ್ಲ.

ಅವನು ಬಾಗಿಲು ತಳ್ಳಿದ. ಎಡಗೈಯಿಂದ ಚಿಲಕ ಎಳೆದು ಹಾಕಿದ.

"ಅಕ್ಕಾ! ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗು! ಗ್ಯಾಸ್!"

ಅಕ್ಕ ಏನು, ಯಾಕೆ ಅಂತ ಕೇಳಲಿಲ್ಲ. ನೌಕೆಗೆ ಹಾರಿ ಒಂದೊಂದೇ ಪಟ್ಟಿ ಬಿಚ್ಚತೊಡಗಿದಳು. ಬೆನ್ನ ಹಿಂದೆ ಬಾಗಿಲು ಬಡಿಯಲು ಶುರುವಾಯಿತು. ಮೊದಲು ಅಂಗೈಯ ಸದ್ದು, ಆಮೇಲೆ ಮುಷ್ಟಿ, ಆಮೇಲೆ ಇಡೀ ಮೈ. ಗೇಣು ದಪ್ಪದ ಬಾಗಿಲು ಚೌಕಟ್ಟಿನೊಳಗೆ ಹಾರಿ ಹಾರಿ ಬೀಳುತ್ತಿತ್ತು.

"ಕಿಡೀ! ತೆಗಿಯೋ! ಕಣ್ಣು ಕಾಣ್ತಿಲ್ಲ ಕಣೋ! ಕಿಡೀ!"

ಮಕ್ಕಳು ಅಳುತ್ತಾ ಕೆಮ್ಮುತ್ತಾ ಒಬ್ಬರ ಹಿಂದೊಬ್ಬರು ಓಡಿದರು. ಬಾಗಿಲ ಅಡಿಯ ಸಂದಿಯಿಂದ ನುಸುಳಿದ ಒಂದಿಷ್ಟು ಘಾಟೇ ಅವರ ಕಣ್ಣುಗಳನ್ನು ಕೆಂಡ ಮಾಡಿತ್ತು. ಹೊರಗೆ ಅಕ್ಕ ತಲೆ ಎಣಿಸಿದಳು. ಇಪ್ಪತ್ತೊಂದು. ಮತ್ತೆ ಎಣಿಸಿದಳು. ಇಪ್ಪತ್ತೊಂದೇ. ಕಿಡಿ ಒಳಗೆ ಓಡಿದ. ಕಂಟ್ರೋಲ್ ರೂಮಿನ ಮೇಜಿನ ಕೆಳಗೆ ಎರಡು ಜಡೆಯ ಹುಡುಗಿಯೊಬ್ಬಳು ಮುದುರಿ ಕೂತಿದ್ದಳು. ಹೆಡ್‌ಫೋನ್ ಕತ್ತಿಗೆ ಜಾರಿತ್ತು, ಆ ಬಾಗಿಲನ್ನೇ ನೋಡುತ್ತಿದ್ದಳು. ಎಡತೋಳಲ್ಲಿ ಅವಳನ್ನು ಎತ್ತಿಕೊಂಡು ಅವನು ಚಿಲಕದ ಪಕ್ಕದಿಂದಲೇ ಹಾದುಹೋದ. ಬಡಿತ ಇನ್ನೂ ಇತ್ತು. ಆದರೆ ಕೆಳಗೆ, ಮೊಣಕಾಲಿನ ಎತ್ತರದಲ್ಲಿ.

ಹುಡುಗಿಯನ್ನು ಅಕ್ಕನ ಕೈಗೆ ಕೊಟ್ಟು, ಅಂಗಿ ಕಿತ್ತು ನಲ್ಲಿಯಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಅವನು ವಾಪಸ್ ಬಂದು ಚಿಲಕ ತೆಗೆದಾಗ ಸದ್ದು ನಿಂತಿತ್ತು. ಗೂಳಿ ಬಾಗಿಲಿಗೇ ಒರಗಿದ್ದ, ತೆರೆದೊಡನೆ ಹಾಲಿನೊಳಗೆ ಬಿದ್ದ. ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ. ತುಟಿಯಿಂದ ಗುಲಾಬಿ ನೊರೆ. ಒಂದೇ ಕೈಯಲ್ಲಿ ಎಳೆದ, ಅವನು ಅಲುಗಲಿಲ್ಲ. ಕಾಲು ನೆಲಕ್ಕೆ ಊರಿ, ಕಾಲರ್ ಹಲ್ಲಿನಲ್ಲಿ ಕಚ್ಚಿ ಎಳೆದ. ಒಂದು ಮಾರು ಬಂದ. ಅಷ್ಟರಲ್ಲಿ ಕಿಡಿಯ ಉಸಿರೂ ಕಟ್ಟಿತು. ಅಗ್ನಿಶಾಮಕದವರು ಬಂದಾಗ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದಿದ್ದರಂತೆ. ಗೂಳಿ ಆಸ್ಪತ್ರೆ ಸೇರುವ ಮೊದಲೇ ಹೋಗಿದ್ದ.

ಕಿಡಿಗೆ ಎಚ್ಚರವಾದಾಗ ಬಲಗೈಗೆ ಕಬ್ಬಿಣದ ಸರಳು ಹಾಕಿ ಬಿಗಿದಿದ್ದರು. ಕಣ್ಣಿಗೆ ಪಟ್ಟಿ. ಪಕ್ಕದಲ್ಲಿ ಅಕ್ಕನ ದನಿ, ಇನ್ನೊಂದು ಗಂಡಸಿನ ದನಿ. ಇನ್ಸ್‌ಪೆಕ್ಟರ್.

"ಬಾಗಿಲು ತಾನಾಗಿಯೇ ಹಾಕಿಕೊಳ್ತು ಸಾರ್" ಅನ್ನುತ್ತಿದ್ದಳು ಅಕ್ಕ. "ಹಳೇ ಬಾಗಿಲು, ತುಂಬ ಭಾರ. ಹೊಡೆತಕ್ಕೆ ಚಿಲಕ ಬಿದ್ದುಬಿಡ್ತು. ಇವನು ತೆಗೆಯೋಕೆ ಒದ್ದಾಡ್ತಿದ್ದ, ನಾನೇ ಕಣ್ಣಾರೆ ನೋಡಿದ್ದೀನಿ."

"ಇಲ್ಲ" ಅಂದ ಕಿಡಿ. ಗಂಟಲಿನಿಂದ ಗಾಳಿಯಷ್ಟೇ ಬಂತು. ಮತ್ತೆ ಹೇಳಿದ. "ಇಲ್ಲ ಸಾರ್. ನಾನು ಹಾಕಿದ್ದು."

ಇನ್ಸ್‌ಪೆಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡ ಸದ್ದಾಯಿತು. "ಒಳಗೆ ಅವನಿದ್ದ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಕಂಡಿದ್ದೆ."

"ಮಕ್ಕಳಿಗೋಸ್ಕರ ಹಾಕಿದೆ, ಅಲ್ವಾ?"

"ಮಕ್ಕಳಿದ್ದರು. ಅದು ನಿಜ. ಕೈ ಆಗಷ್ಟೇ ಮುರಿದಿದ್ದ. ಅದೂ ನಿಜ. ಯಾವುದು ಚಿಲಕ ಎಳೀತೋ ನನಗೆ ಗೊತ್ತಿಲ್ಲ ಸಾರ್."

ಇನ್ಸ್‌ಪೆಕ್ಟರ್ ಹೋದ ಮೇಲೆ ಅಕ್ಕ ಅವನ ಕೆನ್ನೆಗೆ ಬಾರಿಸಿದಳು. ಬೆರಳು ಮೂಡುವ ಹಾಗೆ. ಆಮೇಲೆ ಅದೇ ಕೆನ್ನೆಗೆ ತನ್ನ ಕೆನ್ನೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. "ನೀನು ಬೇಡ ಅಂದಿದ್ದೆ ಕಣೋ. ಕರೀಬೇಡ ಅಂತ ಬಾಯಿಬಿಟ್ಟು ಹೇಳಿದ್ದೆ. ಮಕ್ಕಳನ್ನ ಕರೆದವಳು ನಾನು. ಮಕ್ಕಳಿಲ್ಲದಿದ್ದರೆ ನೀನು ಯಾಕೆ ಬಾಗಿಲು ಹಾಕ್ತಿದ್ದೆ?"

ಕಿಡಿ ಎಡಗೈಯಿಂದ ತಡಕಾಡಿ ಅವಳ ತಲೆ ಹಿಡಿದುಕೊಂಡ.

ವಿಚಾರಣೆ ಏಳು ತಿಂಗಳು ನಡೆಯಿತು. ಯಜಮಾನನಿಗೆ ಜೈಲಾಯಿತು. ಎರಡು ಕಣ್ಣೂ ಕಳೆದುಕೊಂಡ ಕಡ್ಡಿಯೇ ಅವನ ವಿರುದ್ಧ ಸಾಕ್ಷಿ ಹೇಳಿದ. ಕಿಡಿಯ ಮೇಲೆ ಮೊಕದ್ದಮೆ ನಿಲ್ಲಲಿಲ್ಲ. ಚಿಲಕ ಹಾಕದಿದ್ದರೆ ಎಷ್ಟು ಮಕ್ಕಳು ಸಾಯುತ್ತಿದ್ದರು ಅಂತ ತಜ್ಞರೊಬ್ಬರು ನ್ಯಾಯಾಲಯದಲ್ಲಿ ವಿವರಿಸಿದರು. ಪತ್ರಿಕೆಯವರು ಅವನ ಫೋಟೋ ಹಾಕಿ ಇಪ್ಪತ್ತೆರಡು ಮಕ್ಕಳ ಪ್ರಾಣ ಉಳಿಸಿದವನು ಅಂತ ಬರೆದರು. ಬೀದಿಯಲ್ಲಿ ಗುರುತಿಲ್ಲದವರೂ ಬಂದು ಬೆನ್ನು ತಟ್ಟಿದರು. ಪ್ರತಿ ಸಲ ಬೆನ್ನ ಮೇಲೆ ಕೈ ಬಿದ್ದಾಗಲೂ ಅವನು ಬೆಚ್ಚುತ್ತಿದ್ದ.

ಟ್ಯಾಂಕು ಖಾಲಿಯಾಗಿ ಹೋಯಿತು, ಕಂಪ್ರೆಸರ್ ಹೋಯಿತು. ಕೇಂದ್ರ ತೆರೆಯಲು ದಿನ ಗೊತ್ತಾಯಿತು. ಅದೇ ಮಕ್ಕಳೇ ಮೊದಲ ತಂಡ ಆಗಬೇಕು ಅಂತ ಅಕ್ಕ ಪಟ್ಟು ಹಿಡಿದಳು. ಬರಲಾರೆ ಅಂದವರು ಮೂವರೇ. ಅಭ್ಯಾಸದ ದಿನ ಎರಡು ಜಡೆಯ ಹುಡುಗಿ ಕಂಟ್ರೋಲ್ ರೂಮಿಗೆ ಹೋಗದೆ ನೇರವಾಗಿ ಕಿಡಿಯ ಹತ್ತಿರ ಬಂದು ನಿಂತಳು.

"ಮಾಮ, ಬಾಗಿಲ ಹಿಂದೆ ಯಂತ್ರ ಸದ್ದು ಮಾಡ್ತಿತ್ತು ಅಂತ ಮಿಸ್ ಹೇಳಿದ್ರು."

ಅಕ್ಕ ದೂರದಿಂದ ಕಣ್ಣಲ್ಲೇ ಬೇಡ ಅಂದಳು.

"ಯಂತ್ರ ಕಿಡಿ ಅಂತ ಕೂಗಲ್ಲ ಅಲ್ವಾ?" ಅಂದಳು ಹುಡುಗಿ.

"ಕೂಗಲ್ಲ ಕಂದ. ಅವನು ನನ್ನ ಗೆಳೆಯ. ನಾನು ಬಾಗಿಲು ತೆಗೆಯಲಿಲ್ಲ."

"ನಾವಿದ್ವಿ ಅಂತಾನಾ?"

"ನೀವಿದ್ರಿ. ಆದರೆ ಅದು ನಿಮ್ಮ ತಲೆ ಮೇಲೆ ಹಾಕಿಕೊಳ್ಳೋ ಭಾರ ಅಲ್ಲ. ಚಿಲಕ ಹಾಕಿದ್ದು ನಾನು."

ಅವಳು ತಲೆಯಾಡಿಸಿದಳು. ಅತ್ತಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಲು ಮುಖ ತಿರುಗಿಸಿಬಿಟ್ಟಿದ್ದಳು.

ತೆರೆಯುವ ಹಿಂದಿನ ದಿನ ಮಧ್ಯಾಹ್ನ ಗೂಳಿಯ ಹೆಂಡತಿ ಬಂದಳು. ಎಂಟು ವರ್ಷ ಗಂಡನ ಬುತ್ತಿಯ ಜೊತೆ ಇವನಿಗೂ ಒಂದು ಡಬ್ಬಿ ಕಳಿಸಿದವಳು. ಕೈಯಲ್ಲಿ ಗುಜರಿ ಅಂಗಳದ ಸಲಾಕೆ. ಹಾಲಿನಲ್ಲಿ ಕಿಡಿ ಒಬ್ಬನೇ ಇದ್ದ.

"ಬನ್ನಿ ಅತ್ತಿಗೆ" ಅಂದ.

ಅವಳು ಉತ್ತರವಾಗಿ ನೌಕೆಯ ಮುಂದಿನ ಗಾಜಿಗೆ ಹೊಡೆದಳು. ಅದು ಜಾಲಿಯ ಹಾಗೆ ಬಿರಿಯಿತು, ಎರಡನೇ ಏಟಿಗೆ ಸುರಿಯಿತು. ಪಕ್ಕದ ಗಾಜು. ಅದರ ಪಕ್ಕದ್ದು. ದಾರದಿಂದ ಇಳಿಬಿಟ್ಟ ಗ್ರಹಗಳನ್ನು ಒಂದೊಂದಾಗಿ ಬೀಸಿ ಹೊಡೆದಳು, ಗುರು ಗೋಡೆಗೆ ಅಪ್ಪಳಿಸಿ ಚಪ್ಪಟೆಯಾಯಿತು. ಮೀಟರುಗಳ ಫಲಕ ಪುಡಿಯಾಯಿತು. ಹೊಡೆಯುವಾಗ ಅವಳ ಗಂಟಲಿನಿಂದ ಬರುತ್ತಿದ್ದದ್ದು ಅಳುವಲ್ಲ, ಮರ ಕಡಿಯುವವರ ಹೂಂಕಾರ. ಕಿಡಿ ಒಂದು ಹೆಜ್ಜೆ ಮುಂದಿಡಲಿಲ್ಲ. ಕೊನೆಗೆ ಅವಳು ಅವನ ಕಡೆ ತಿರುಗಿದಳು. ಸಲಾಕೆ ಅವನ ಎಡಭುಜಕ್ಕೆ ಬಿತ್ತು. ಅವನು ಮಂಡಿಯೂರಿದ. ಇನ್ನೊಂದು ಬೆನ್ನಿಗೆ. ಮೂರನೆಯದಕ್ಕೆ ಎತ್ತಿದವಳು ಇಳಿಸಿದಳು.

"ಯಾವ ಬಾಗಿಲು?"

ತೋರಿಸಿದ.

ಅವಳು ಹೋಗಿ ಬಾಗಿಲು ತೆರೆದು ಒಳಬದಿ ನೋಡಿದಳು. ತಗಡು ಹತ್ತಾರು ಕಡೆ ಗುಳಿಬಿದ್ದಿತ್ತು. ಮೇಲಿನ ಗುಳಿ ಅವಳ ತಲೆಗಿಂತ ಎತ್ತರದಲ್ಲಿ, ಕೆಳಗಿನದು ಮೊಣಕಾಲಿನ ಹತ್ತಿರ. ಅವಳು ಮೇಲಿನಿಂದ ಕೆಳಗಿನವರೆಗೆ ಒಂದೊಂದಕ್ಕೂ ಬೆರಳಿಟ್ಟಳು.

"ಒಳಗೆ ಹೋಗು" ಅಂದಳು.

ಅವನು ಹೋದ. ಬಾಗಿಲು ಹಾಕಿಕೊಂಡಿತು. ಚಿಲಕ ಬಿದ್ದ ಸದ್ದನ್ನು ಅವನು ಈ ಕಡೆಯಿಂದ ಮೊದಲ ಸಲ ಕೇಳಿದ. ಷಟರ್ ಇದ್ದ ಕಡೆ ಈಗ ಗೋಡೆ ಕಟ್ಟಿದ್ದರು. ಕಗ್ಗತ್ತಲು. ನೆಲ ತೊಳೆದಿದ್ದರೂ ಬೆಂಡಿನೊಳಗೆ ಆ ಘಾಟು ಇನ್ನೂ ಉಳಿದಿತ್ತು. ಬಡಿಯಬಾರದು, ಕರೆಯಬಾರದು ಅಂತ ಅವನು ಗಟ್ಟಿಮನಸ್ಸು ಮಾಡಿ ನಿಂತ. ಅವಳು ಎಷ್ಟು ಹೊತ್ತು ಬೇಕಾದರೂ ಇಡಲಿ, ಬಿಟ್ಟು ಹೋದರೂ ಹೋಗಲಿ. ಆದರೆ ಮೈ ಮಾತು ಕೇಳಲಿಲ್ಲ. ಮೂಗಿಗೆ ಘಾಟು ಏರುತ್ತಿದ್ದ ಹಾಗೆ ಎದೆ ನಗಾರಿಯಾಯಿತು, ಉಸಿರು ಮೇಲೆ ಬರಲಿಲ್ಲ. ಯಾವಾಗ ಶುರುಮಾಡಿದನೋ ತಿಳಿಯದು, ನೆಟ್ಟಗಾಗದ ಬಲಗೈಯಿಂದಲೇ ಅವನು ಬಾಗಿಲು ಬಡಿಯುತ್ತಿದ್ದ, ಸರಳಿನ ಗಾಯ ಬಿಚ್ಚಿಕೊಂಡು ರಕ್ತ ಮೊಣಕೈಗೆ ಇಳಿಯುತ್ತಿತ್ತು, "ತೆಗೀರಿ ಅತ್ತಿಗೆ, ತೆಗೀರಿ" ಅಂತ ಮಗುವಿನ ಹಾಗೆ ಕೂಗುತ್ತಿದ್ದ.

ಚಿಲಕ ಸರಿಯಿತು. ಬೆಳಕು ಬಂತು. ಅವಳು ಹೊಸ್ತಿಲ ಮೇಲೆ ನಿಂತಿದ್ದಳು, ಮುಖದಲ್ಲಿ ಒಂದು ಹನಿ ನೀರಿರಲಿಲ್ಲ.

"ನಾನು ತೆಗೆದೆ" ಅಂದಳು.

ಸಲಾಕೆಯನ್ನು ಅಲ್ಲೇ ಬಿಟ್ಟು, ಗಾಜಿನ ಚೂರುಗಳ ಮೇಲೆ ಕರಕರ ನಡೆದು ಹೊರಟುಹೋದಳು. ಅಕ್ಕ ಆಮೇಲೆ ಕೇಂದ್ರದಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಎರಡು ಸಲ ಹೇಳಿಕಳಿಸಿದಳು. ಗೂಳಿಯ ಹೆಂಡತಿ ಊರು ಬಿಟ್ಟು ಅಣ್ಣನ ಮನೆಗೆ ಹೋದಳು.

ಮರುದಿನ ಗಾಜಿಲ್ಲದ ನೌಕೆಯಲ್ಲೇ ಮಕ್ಕಳು ಮಲಗಿದರು. ಏನಾಯಿತು ಅಂತ ಕೇಳಿದ ಅಧಿಕಾರಿಗಳಿಗೆ ಅಕ್ಕ, "ಒಬ್ಬರು ಬಂದಿದ್ದರು. ಅವರಿಗೆ ಒಡೆಯೋ ಹಕ್ಕಿತ್ತು" ಅಂದಳು. ಹೆಚ್ಚು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಆ ವರ್ಷ ಅರವತ್ತನಾಲ್ಕು ಶಾಲೆಗಳಲ್ಲಿ ಐವತ್ತೆಂಟು ಬಂದು ಹೋದವು. ಕಿಡಿ ಎಡಗೈಯಲ್ಲಿ ವೆಲ್ಡಿಂಗ್ ಕಲಿತುಕೊಂಡ, ಬೆಸುಗೆ ಮೊದಲಿನಷ್ಟು ನೇರ ಬರುತ್ತಿರಲಿಲ್ಲ. ಮಕ್ಕಳು ಒಳಗಿರುವಷ್ಟು ಹೊತ್ತು ಅವನು ಹಾಲಿಗೆ ಕಾಲಿಡುತ್ತಿರಲಿಲ್ಲ. ಹೊರಗೆ ಗೋಡೆಗೆ ಒರಗಿ ನಿಂತು ಒಳಗಿನಿಂದ ಬರುವ ಎಣಿಕೆ ಕೇಳುತ್ತಿದ್ದ. ಸೊನ್ನೆ ಅಂತ ಮಕ್ಕಳು ಒಟ್ಟಿಗೆ ಕೂಗಿ, ಸ್ಪ್ರಿಂಗುಗಳು ಗಡಗಡ ಅಂದು, ಆಮೇಲೆ ನಗುವಿನ ಸದ್ದು ಎದ್ದ ಮೇಲಷ್ಟೇ ಬಿಗಿಹಿಡಿದ ಉಸಿರು ಬಿಡುತ್ತಿದ್ದ.